ದವಡೆಯ ಸ್ಕ್ರೂ, ಪರ್ಬದ ರೊಟ್ಟಿ

ಹಲ್ಲು ಹಾಕಿಸಿಕೊಳ್ಳಬೇಕೆಂಬ ಹಟ ನನ್ನದಾಗಿರಲಿಲ್ಲ, ನನ್ನ ಹೆಂಡತಿಯದಾಗಿತ್ತು. ನಾನು ಪಣಂಬೂರಿನ ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತನಾದವನು. ಕ್ಯಾಬಿನ್ನಿನಲ್ಲಿ ಅಷ್ಟೆತ್ತರದಲ್ಲಿ ಒಬ್ಬನೇ ಕುಳಿತಿರುವಾಗ ಕಣ್ಣು ಎಳೆಯದಿರಲೆಂದು ಎಲೆಅಡಿಕೆ ಜಗಿಯುತ್ತಿದ್ದೆ. ಸರ್ವಿಸ್ ಮುಗಿಯುವುದಕ್ಕೆ ಬಹಳ ಮೊದಲೇ ಕೆಳಗಿನ ದವಡೆ ಹಲ್ಲುಗಳು ಎರಡೂ ಬದಿಯಲ್ಲಿ ಒಂದೊಂದಾಗಿ ಸಡಿಲಾಗಿ ಹೋದವು. ಎದುರಿನವು ಗಟ್ಟಿಯಾಗಿದ್ದವು, ಹಾಗಾಗಿ ನಗುವಾಗ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾನು ಹೇಗೂ ಹೆಚ್ಚು ನಗುವವರ ಪೈಕಿಯಲ್ಲ. ಒಮ್ಮೆ ತೆಗೆದು ಹಾಕುವ ಸೆಟ್ಟು ಮಾಡಿಸಿದ್ದೆ. ಅದು ನನ್ನ ಬಾಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ಕಾಲ ಬಚ್ಚಲಿನ ಲೋಟದಲ್ಲಿತ್ತು.

ದವಡೆ ಹಲ್ಲಿಲ್ಲದೆ ಮನುಷ್ಯ ಬದುಕಬಹುದು. ಗಂಜಿ ಉಂಟು, ಮೀನು ಉಂಟು, ಮೀನಿಗೆ ಹಲ್ಲು ಬೇಕಾಗಿಲ್ಲ. ಕಷ್ಟ ಬರುವುದು ರೊಟ್ಟಿಗೆ. ನಮ್ಮ ರೊಟ್ಟಿಯೆಂದರೆ ಘಟ್ಟದ ಮೇಲಿನವರ ಜೋಳದ ರೊಟ್ಟಿಯಲ್ಲ. ಅಕ್ಕಿಯದು, ಕಾಗದದಷ್ಟು ತೆಳು, ಮುಟ್ಟಿದರೆ ಮುರಿಯುವಷ್ಟು ಗರಿ. ತಟ್ಟೆಯಲ್ಲಿ ಅದನ್ನು ಮುರಿದು ಹಾಕಿ ಮೇಲೆ ಕೋಳಿ ಸಾರು ಸುರಿಯುವುದು. ಸುರಿದ ತಕ್ಷಣ ತಿಂದರೆ ಅರ್ಧ ಗರಿ, ಅರ್ಧ ಮೆತ್ತಗೆ. ಸ್ವಲ್ಪ ಹೊತ್ತು ಬಿಟ್ಟರೆ ಪೂರ್ತಿ ಮುದ್ದೆ. ಮುದ್ದೆಯಾದದ್ದನ್ನು ತಿನ್ನುವವರನ್ನು ನಮ್ಮವರು ಕಾಯಿಲೆಯವರ ಹಾಗೆ ನೋಡುತ್ತಾರೆ. ನಾನು ಅಂಥ ಕಾಯಿಲೆಯವನಾದೆ. ಭಾನುವಾರ ಹೆಂಡತಿ ದೊಡ್ಡ ಪಾತ್ರೆಯಲ್ಲಿ ರೊಟ್ಟಿ ಮುರಿದು ಹಾಕಿ, ಸಾರು ಸುರಿದು, ಮುಚ್ಚಿ ಇಟ್ಟು ಸ್ನಾನಕ್ಕೆ ಹೋಗುತ್ತಿದ್ದಳು. ಬಂದ ಮೇಲೆ ಅದೇ ಪಾತ್ರೆಯಿಂದ ನನಗೂ ಬಡಿಸಿ ಅವಳೂ ಬಡಿಸಿಕೊಳ್ಳುತ್ತಿದ್ದಳು. ವರ್ಷಗಟ್ಟಲೆ ಹೀಗೇ ನಡೆಯಿತು. ಅವಳಿಗೂ ಮೆತ್ತಗಿನದೇ ಇಷ್ಟ ಎಂದು ನಾನು ತಿಳಿದಿದ್ದೆ. ತಿಳಿದಿದ್ದೆ ಎನ್ನುವುದೂ ಹೆಚ್ಚಾಯಿತು, ಆ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ.

ನಿವೃತ್ತನಾದ ಮೇಲೆ ಅವಳು ನನ್ನ ಬಾಯಿಯ ಬೆನ್ನು ಹತ್ತಿದಳು. ಮಗಳು ಅತ್ತಾವರದ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್, ಅಲ್ಲೇ ಹತ್ತಿರ ಅವಳ ಮನೆ. ತಾಯಿ ಮಗಳು ಸೇರಿ ಅತ್ತಾವರದಲ್ಲಿ ಒಬ್ಬ ದಂತವೈದ್ಯೆಯನ್ನು ಗೊತ್ತುಮಾಡಿದರು. ಇಂಪ್ಲಾಂಟ್ ಎಂದರೆ ಏನು ಎಂದು ಮಗಳು ಊಟದ ಮೇಜಿನ ಮೇಲೆ ಚಮಚ, ಸಾಸಿವೆ ಡಬ್ಬ ಎಲ್ಲ ಇಟ್ಟು ವಿವರಿಸಿದಳು. ಎಲುಬಿನಲ್ಲಿ ತೂತು ಮಾಡಿ ಸ್ಕ್ರೂ ಕೂರಿಸುವುದು, ಎಲುಬು ಅದನ್ನು ಹಿಡಿದುಕೊಳ್ಳುವ ತನಕ ತಿಂಗಳುಗಟ್ಟಲೆ ಕಾಯುವುದು, ಆಮೇಲೆ ಅದರ ಮೇಲೆ ಹಲ್ಲು.

"ಈ ಪ್ರಾಯದಲ್ಲಿ ಎಲುಬಿಗೆ ಸ್ಕ್ರೂ ಹೊಡೆಸಿಕೊಂಡು ಎಂತ ಮಾಡ್ಲಿಕ್ಕುಂಟು?" ಎಂದೆ.

"ರೊಟ್ಟಿ ತಿನ್ಲಿಕ್ಕುಂಟು," ಎಂದಳು ಹೆಂಡತಿ. "ಸುಮ್ಮನೆ ಬನ್ನಿ ಮಾರಾಯ್ರೆ."

ಬಲಬದಿ ಮೊದಲು, ಅದು ಸರಿಯಾದರೆ ಎಡಬದಿ ಎಂದು ಮಾತಾಯಿತು. ವೈದ್ಯೆ ಕೊಂಕಣಿಯವರು, ನಮ್ಮೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು. ವಯಸ್ಸಿನಲ್ಲಿ ನನ್ನ ಮಗಳಷ್ಟೇ. ಇಂಜೆಕ್ಷನ್ ಕೊಟ್ಟು, ತುಟಿ ಮುಟ್ಟಿ, "ಜೋಮು ಬಂತಾ ಅಂಕಲ್?" ಎಂದು ಕೇಳಿದರು. ಬಂದಿತ್ತು. ಡ್ರಿಲ್ಲಿನ ಸದ್ದು ತಲೆಬುರುಡೆಯೊಳಗಿನಿಂದ ಕೇಳಿಸಿತು, ನೋವು ಮಾತ್ರ ಇಲ್ಲ. ಯಾರದ್ದೋ ಮನೆಯ ಗೋಡೆಗೆ ಮೊಳೆ ಹೊಡೆಯುವುದನ್ನು ಪಕ್ಕದ ಮನೆಯಲ್ಲಿ ಕುಳಿತು ಕೇಳಿದ ಹಾಗಿತ್ತು. ಎರಡು ಸ್ಕ್ರೂ ಕೂರಿಸಿ ಹೊಲಿಗೆ ಹಾಕಿದರು. ಹೊರಗೆ ಬಂದಾಗ ಹೆಂಡತಿ ನನ್ನ ಗಲ್ಲದ ಮೇಲಿನ ಜೊಲ್ಲನ್ನು ಸೆರಗಿನಿಂದ ಒರೆಸಿದಳು. ನನಗೆ ಅದು ತಿಳಿಯಲಿಲ್ಲ, ಅವಳ ಕೈ ಮೇಲೆ ಬಂದದ್ದು ಕಂಡಿತು ಅಷ್ಟೆ.

ಹೊಲಿಗೆ ಬಿಚ್ಚಿ ಕೆಲವು ದಿನವಾಗಿತ್ತು. ಅವಳು ಬೆಳಿಗ್ಗೆ ಮೀನು ತಂದವಳು ಚೀಲವನ್ನು ಸಿಂಕಿನಲ್ಲಿಟ್ಟು, ಎದೆ ಉರಿ ಎಂದಳು. ಗ್ಯಾಸ್ ಇರಬೇಕು ಎಂದು ಜೀರಿಗೆ ನೀರು ಕುಡಿದಳು. ಆಮೇಲೆ ಬೆವರಿದಳು. ಮಗಳಿಗೆ ಫೋನು ಮಾಡಿದೆ, ರಿಕ್ಷಾದಲ್ಲಿ ಕರೆದುಕೊಂಡು ಹೋದೆ, ಎಲ್ಲವನ್ನೂ ಸರಿಯಾದ ಹೊತ್ತಿಗೇ ಮಾಡಿದೆ ಎಂದು ಡಾಕ್ಟರರೂ ಹೇಳಿದರು. ಮಾರನೆ ದಿನ ಅವಳಿರಲಿಲ್ಲ. ಮನೆಗೆ ಬಂದಾಗ ಸಿಂಕಿನಲ್ಲಿ ಬಂಗುಡೆ ನಾರುತ್ತಿತ್ತು. ನಾನು ಅದನ್ನು ಕಾಗದದಲ್ಲಿ ಸುತ್ತಿ ಕೆಳಗೆ ಕೊಂಡುಹೋಗಿ ಹಾಕಿ, ಸಿಂಕು ತಿಕ್ಕಿ ತೊಳೆದೆ. ಮಗಳು ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಿದ್ದಳು.

ನನಗೆ ಅಳು ಬರಲಿಲ್ಲ. ಇದನ್ನು ನೇರವಾಗಿಯೇ ಹೇಳಿಬಿಡುತ್ತೇನೆ. ತಡೆದುಕೊಂಡೆ ಎಂದೋ, ಗಂಡಸು ಎಂದೋ ಅಲ್ಲ. ಬರಲಿಲ್ಲ. ಬಂದವರು ಕೈ ಹಿಡಿದರು, ಹೆಗಲು ಮುಟ್ಟಿದರು, "ಪಾಪ, ಶಾಕ್ ಆಗಿದೆ" ಎಂದರು. ಶಾಕೂ ಇಲ್ಲ, ಎಂತದೂ ಇಲ್ಲ. ಹಸಿವಾಗುತ್ತಿತ್ತು, ಕೊಟ್ಟದ್ದನ್ನು ತಿನ್ನುತ್ತಿದ್ದೆ. ನಿದ್ದೆ ಬರುತ್ತಿತ್ತು, ಮಲಗುತ್ತಿದ್ದೆ. ಉಪ್ಪು ಕಡಿಮೆಯಾಗಿದೆ ಎಂದು ಬೇರೆಯವರು ಹೇಳಿದಾಗ, ಹೌದಾ ಎಂದು ಇನ್ನೊಂದು ತುತ್ತು ತಿಂದು ನೋಡುತ್ತಿದ್ದೆ. ನನಗೆ ಗೊತ್ತಾಗುತ್ತಿರಲಿಲ್ಲ.

ಉತ್ತರಕ್ರಿಯೆಗೆ ನಮ್ಮಲ್ಲಿ ಬೊಜ್ಜ ಎನ್ನುತ್ತಾರೆ. ಅದು ಮುಗಿದ ಮೇಲೆ ಸತ್ತವರ ಕುಲೆಗೆ, ಅಂದರೆ ಅವರ ಜೀವಕ್ಕೆ, ಬಡಿಸುವ ಕ್ರಮ ಉಂಟು. ಬದುಕಿದ್ದಾಗ ಇಷ್ಟಪಟ್ಟದ್ದನ್ನೆಲ್ಲ ಮಾಡಿ, ಎಲೆ ಹಾಕಿ, ದೀಪ ಇಟ್ಟು, ಎಲ್ಲರೂ ಹೊರಗೆ ಹೋಗಿ ಬಾಗಿಲು ಎಳೆದುಕೊಳ್ಳುವುದು. ಸ್ವಲ್ಪ ಹೊತ್ತು ಬಿಟ್ಟು ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಬರುವುದು. ಆಮೇಲೆ ಆ ಎಲೆಯದ್ದನ್ನು ಮನೆಯವರು ತಿನ್ನಬೇಕು. ನಮ್ಮ ಕುಟುಂಬದಲ್ಲಿ ಮೊದಲ ತುತ್ತು ಗಂಡನದ್ದೋ ಹೆಂಡತಿಯದ್ದೋ, ಉಳಿದವರು ಯಾರೋ ಅವರದ್ದು. ಅವರು ತಿಂದರೆ ಮಾತ್ರ ಸತ್ತವರು ತಿಂದ ಲೆಕ್ಕ ಎನ್ನುತ್ತಾರೆ.

ಅವಳಿಗೆ ಏನಿಷ್ಟ ಎಂದು ನನ್ನನ್ನು ಕೇಳಿದರು. ಕೋಳಿ, ರೊಟ್ಟಿ ಎಂದೆ. ರೊಟ್ಟಿಯನ್ನು ಮೊದಲೇ ಸಾರಿನಲ್ಲಿ ಹಾಕಿ ಮುಚ್ಚಿಡಿ, ಅವಳು ಹಾಗೇ ತಿನ್ನುವುದು ಎಂದೂ ಹೇಳಿದೆ. ಹಾಗೇ ಮಾಡಿದರು. ಬಾಗಿಲು ತೆರೆದು ಬಂದು ನಾನು ಮೊದಲ ತುತ್ತು ತಿಂದೆ. ಸುಲಭವಾಗಿ ಇಳಿಯಿತು.

ಕೈ ತೊಳೆಯುವಾಗ ಹೆಂಡತಿಯ ಅಕ್ಕ ಬಂದು ಪಕ್ಕದಲ್ಲಿ ನಿಂತರು. ಮುಲ್ಕಿಯ ಕಡೆ ಇರುವವರು, ಮಾತು ಕಡಿಮೆ, ಆಡಿದರೆ ಕಡಿದ ಹಾಗೆ.

"ಯಾರು ಹೇಳಿದ್ದು ಅವಳಿಗೆ ಮುದ್ದೆ ರೊಟ್ಟಿ ಇಷ್ಟ ಅಂತ?" ಎಂದರು ತುಳುವಿನಲ್ಲಿ.

"ಯಾವಾಗ್ಲೂ ಹಾಗೇ ತಿನ್ತಿದ್ದಳಲ್ಲ."

"ನಿಮಗೆ ಹಲ್ಲಿಲ್ಲ, ಅದಕ್ಕೆ ತಿಂದಳು. ಸಣ್ಣದಿರುವಾಗ ರೊಟ್ಟಿಗೆ ಸಾರು ತಾಗಿದ್ರೆ ತಟ್ಟೆ ದೂಡಿ ಎದ್ದು ಹೋಗ್ತಿದ್ದವಳು ಅವಳು. ಒಣ ರೊಟ್ಟಿಯನ್ನೇ ಕಟುಂ ಕುಟುಂ ಅಂತ ತಿನ್ಲಿಕ್ಕೆ, ಸಾರು ಬದಿಯಲ್ಲಿ ಕುಡೀಲಿಕ್ಕೆ." ಸೆರಗಿಗೆ ಕೈ ಒರೆಸಿಕೊಂಡರು. "ಇವತ್ತು ಅವಳು ಎಲೆ ಮುಟ್ಟಿರ್ಲಿಕ್ಕಿಲ್ಲ."

ಇಷ್ಟು ಹೇಳಿ ಅವರು ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ನಾನು ನಲ್ಲಿ ನಿಲ್ಲಿಸಿ ಅಲ್ಲೇ ನಿಂತಿದ್ದೆ. ಬೇಸರವಾಗಬೇಕಿತ್ತು. ಆದದ್ದು ಬೇಸರವಲ್ಲ, ಒಂದು ಲೋಡು ತಪ್ಪು ಹಡಗಿಗೆ ಹೋದರೆ ಆಗುವಂಥದ್ದು. ತಪ್ಪಿದೆ, ಸರಿಮಾಡಬೇಕು, ಅಷ್ಟೆ. ಆದರೆ ಅವಳು ಸತ್ತ ಮೇಲೆ ನನಗೆ ಮಾಡಬೇಕು ಅನ್ನಿಸಿದ ಒಂದೇ ಕೆಲಸ ಅದಾಗಿತ್ತು.

ಸರಿಮಾಡಲು ದಿನವೂ ಉಂಟು. ದೀಪಾವಳಿಗೆ ನಾವು ಪರ್ಬ ಎನ್ನುವುದು. ಮನೆಯಲ್ಲಿ ಸಾವು ಆದ ವರ್ಷ ಬರುವ ಮೊದಲ ಪರ್ಬ ಸತ್ತವರದ್ದು. ಬದುಕಿರುವವರ ಪಟಾಕಿ, ತಿಂಡಿಯೆಲ್ಲ ಆಮೇಲೆ. ಅಂದು ಮತ್ತೆ ಎಲೆ ಹಾಕಬಹುದು, ಒಣ ರೊಟ್ಟಿ ಬಡಿಸಬಹುದು. ಮೊದಲ ತುತ್ತು ನಾನು ತಿನ್ನಬೇಕು, ನೆನೆಸದೆ, ಸಾರು ತಾಗಿಸದೆ. ಅದಕ್ಕೆ ದವಡೆ ಹಲ್ಲು ಬೇಕು. ಹಾಗೆ ನೋಡಿದರೆ ಎಲುಬಿನಲ್ಲಿ ಸ್ಕ್ರೂ ಆಗಲೇ ಉಂಟು, ಮೇಲಿನ ಕೆಲಸ ಮಾತ್ರ ಬಾಕಿ. ಲೆಕ್ಕ ಸರಿಯಾಗಿತ್ತು.

ಆದರೂ ಮಳೆಗಾಲವಿಡೀ ನಾನು ಅತ್ತಾವರದ ಕಡೆ ಹೋಗಲಿಲ್ಲ. ಕ್ಲಿನಿಕ್ಕಿನಿಂದ ಫೋನು ಬಂದಾಗಲೆಲ್ಲ ಬರುತ್ತೇನೆ ಎನ್ನುತ್ತಿದ್ದೆ. ಬೆಳಿಗ್ಗೆ ಎದ್ದು, ಕಾವೂರಿನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕುಳಿತು, ಮಳೆ ಬಿಟ್ಟರೆ ಎದುರಿನ ರಸ್ತೆಯನ್ನೂ ಮಳೆ ಬಂದರೆ ಮಳೆಯನ್ನೂ ನೋಡುತ್ತಿದ್ದೆ. ಮಗಳು ಎರಡು ದಿನಕ್ಕೊಮ್ಮೆ ಪದಾರ್ಥ ಮಾಡಿ ತಂದು ಫ್ರಿಜ್ಜಿನಲ್ಲಿಡುತ್ತಿದ್ದಳು. ನಾಲಿಗೆ ಮಾತ್ರ ಸುಮ್ಮನಿರುತ್ತಿರಲಿಲ್ಲ, ಒಸಡಿನಲ್ಲಿ ಸ್ಕ್ರೂಗಳ ಮೇಲಿನ ಎರಡು ಲೋಹದ ಮುಚ್ಚಳಗಳನ್ನು ಹೋಗಿ ಹೋಗಿ ಮುಟ್ಟುತ್ತಿತ್ತು. ನನ್ನ ಮೈಯಲ್ಲಿ ಅವಳು ಹಟ ಮಾಡಿ ಹಾಕಿಸಿದ ವಸ್ತು ಅವೆರಡೇ.

ಪರ್ಬ ಹತ್ತಿರ ಬರುತ್ತಿದೆ ಎಂದು ತರಕಾರಿ ಅಂಗಡಿಯ ಎದುರು ಗೂಡುದೀಪ ನೇತುಹಾಕಿದ್ದು ನೋಡಿ ತಿಳಿಯಿತು. ಮರುದಿನವೇ ಬಸ್ಸು ಹತ್ತಿ ಹಂಪನಕಟ್ಟೆಯಲ್ಲಿಳಿದು ಕ್ಲಿನಿಕ್ಕಿಗೆ ನಡೆದೆ. ವೈದ್ಯೆ ಬೈಯಲಿಲ್ಲ. ನನ್ನ ಹೆಂಡತಿಯ ಬಗ್ಗೆ ಮಗಳಿಂದ ತಿಳಿದಿತ್ತು. ಎಕ್ಸ್‌ರೇ ತೆಗೆದರು, ಕುರ್ಚಿ ಹಿಂದಕ್ಕೆ ಮಾಡಿದರು, ಮುಚ್ಚಳ ಬಿಚ್ಚಿ ಒಂದು ಸಣ್ಣ ಸಾಧನದಿಂದ ಸ್ಕ್ರೂ ತಿರುಗಿಸಿ ನೋಡಿದರು. ಮುಂದಿನದು ಅಲುಗಲಿಲ್ಲ. ಹಿಂದಿನದು ತಿರುಗಿತು. ಅದು ನನಗೂ ತಿಳಿಯಿತು. ನೋವಾಗಲಿಲ್ಲ, ಒಳಗೆ ಏನೋ ಸುಮ್ಮನೆ ಉರುಳಿದ ಹಾಗಾಯಿತು.

"ಇದು ಹಿಡಿಯಲಿಲ್ಲ ಅಂಕಲ್," ಎಂದರು.

"ನಾನು ಲೇಟಾಗಿ ಬಂದದ್ದಕ್ಕಾ?"

"ಇಲ್ಲ, ಇಲ್ಲ. ಕೆಲವು ಎಲುಬು ಹಿಡೀತದೆ, ಕೆಲವು ಹಿಡಿಯುದಿಲ್ಲ. ಯಾರ ತಪ್ಪೂ ಅಲ್ಲ. ಇದನ್ನು ತೆಗೀಬೇಕು, ಗಾಯ ಮಾಯ್ಬೇಕು, ಮತ್ತೆ ಹೊಸದು ಹಾಕುವಾ."

"ಪರ್ಬಕ್ಕೆ ಆಗ್ಬೇಕಿತ್ತು."

ಅವರು ಮಾಸ್ಕು ಕೆಳಗೆ ಮಾಡಿ ನನ್ನನ್ನು ನೋಡಿದರು. ಯಾಕೆ ಎಂದು ಕೇಳಿದರು. ನಾನು ಹೇಳಿದೆ. ರೊಟ್ಟಿ, ಎಲೆ, ಬಾಗಿಲು, ಮೊದಲ ತುತ್ತು, ಎಲ್ಲ. ಇಷ್ಟು ಉದ್ದ ನಾನು ಯಾರ ಹತ್ತಿರವೂ ಮಾತಾಡಿರಲಿಲ್ಲ. ಅವರ ಕಣ್ಣಲ್ಲಿ ನೀರು ಬಂತು. ನನ್ನ ಕಣ್ಣು ಒಣಗಿಯೇ ಇತ್ತು. ನನಗೆ ನಾಚಿಕೆಯಾಯಿತು.

"ಒಂದರ ಮೇಲೇ ಹಲ್ಲು ಕಟ್ಲಿಕ್ಕೆ ಆಗುದಿಲ್ವಾ? ಒಂದು ದಿನದ ಮಟ್ಟಿಗೆ?"

"ಇಷ್ಟು ಬೇಗ ಆಗುದಿಲ್ಲ ಅಂಕಲ್. ಮಾಡಿದ್ರೂ ಆ ಒಂದು ಹಲ್ಲಿನಲ್ಲೇ ರೊಟ್ಟಿ ಜಗೀಲಿಕ್ಕೆ ಹೋದ್ರೆ ಅದೂ ಅಲುಗ್ತದೆ. ನಾನು ಮಾಡುದಿಲ್ಲ."

ಇಂಜೆಕ್ಷನ್ ಕೊಟ್ಟು ಹಿಂದಿನ ಸ್ಕ್ರೂ ತೆಗೆದರು. ಅದು ಕಷ್ಟವೇ ಆಗಲಿಲ್ಲ, ಬೆರಳಿನಲ್ಲಿ ತಿರುಗಿಸಿದಷ್ಟಕ್ಕೆ ಬಂತು. ಮೂರು ಹೊಲಿಗೆ. ಗಟ್ಟಿ ವಸ್ತು ತಿನ್ನಬೇಡಿ, ರೊಟ್ಟಿ ಅಂತೂ ಮುಟ್ಟಲೇಬೇಡಿ ಎಂದು ಎರಡೆರಡು ಸಲ ಹೇಳಿದರು. ಬಸ್ಸಿನಲ್ಲಿ ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದಾಗ ತುಟಿಯ ಜೋಮು ಇನ್ನೂ ಇಳಿದಿರಲಿಲ್ಲ. ಕೈಯಲ್ಲಿ ತೋರಿಸಿದೆ.

ಪರ್ಬದ ದಿನ ಮುಲ್ಕಿಯಿಂದ ಅಕ್ಕ ಬಂದರು. ಬರುವಾಗಲೇ ರೊಟ್ಟಿಯ ಕಟ್ಟು ತಂದಿದ್ದರು, ನನ್ನ ಮೇಲೆ ನಂಬಿಕೆ ಇರಲಿಲ್ಲ. ಮಗಳು ಬೆಳಿಗ್ಗೆಯೇ ಬಂದು ಕೋಳಿ ಬೇಯಿಸಿದ್ದಳು. ಬೈಗಿನ ಹೊತ್ತಿಗೆ ಹಾಲ್‌ನಲ್ಲಿ, ಟಿ.ವಿ. ಬದಿಗೆ ಸರಿಸಿ, ಎಲೆ ಹಾಕಿದೆವು. ಅನ್ನ, ಕೋಳಿ, ಹುರಿದ ಬಂಗುಡೆ, ಒಂದು ಲೋಟ ಎಳನೀರು. ರೊಟ್ಟಿಯನ್ನು ಅಕ್ಕ ಎಲೆಯ ಒಂದು ತುದಿಯಲ್ಲಿ ಬೇರೆಯಾಗಿಯೇ ಇಟ್ಟರು. ಸಾರು ಹರಿದು ತಾಗದಿರಲೆಂದು ಅನ್ನದ ಕಟ್ಟೆ ಕಟ್ಟಿದರು. ದೀಪ ಹಚ್ಚಿ ಮೂವರೂ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು.

ಊರಿನ ಮನೆಯಲ್ಲಾದರೆ ಅಂಗಳದಲ್ಲಿ ನಿಲ್ಲಬಹುದು. ನಾವು ಮೂರನೇ ಮಹಡಿಯ ಲಿಫ್ಟಿನ ಎದುರು ನಿಂತೆವು. ಲಿಫ್ಟಿನಿಂದ ಇಳಿದ ಎದುರು ಫ್ಲ್ಯಾಟಿನವರು, ಬೀಗ ಬಿತ್ತೋ ಎಂದು ಕೇಳಿದರು. ಇಲ್ಲ, ಸುಮ್ಮನೆ ಎಂದೆ. ಅವರು ಅರ್ಥಮಾಡಿಕೊಂಡು ಚಪ್ಪಲಿ ಸದ್ದು ಮಾಡದೆ ಒಳಗೆ ಹೋದರು. ಕೆಳಗೆ ಯಾರೋ ಆಗಲೇ ಪಟಾಕಿ ಶುರುಮಾಡಿದ್ದರು. ನಾನು ಬಾಗಿಲನ್ನೇ ನೋಡುತ್ತಿದ್ದೆ. ಒಳಗೆ ಅವಳು ಕುಳಿತಿದ್ದಾಳೆ ಎಂದು ಕಲ್ಪಿಸಿಕೊಳ್ಳಲು ನೋಡಿದೆ. ಆಗಲಿಲ್ಲ. ಗ್ಯಾಸ್ ಬಂದ್ ಮಾಡಿದ್ದೆವೋ ಇಲ್ಲವೋ ಎಂಬ ಯೋಚನೆ ಬಂತು.

ಅಕ್ಕ ಕೆಮ್ಮಿದರು. ನಾನು ಬಾಗಿಲು ತಟ್ಟಿ ತೆರೆದೆ.

ಎಲೆಯ ಮುಂದೆ ಕುಳಿತು ರೊಟ್ಟಿಯ ಒಂದು ತುಂಡು ತೆಗೆದುಕೊಂಡೆ. ಗರಿಯಾಗಿಯೇ ಇತ್ತು. ಎದುರಿನ ಹಲ್ಲಿನಲ್ಲಿ ಮುರಿದು ನಾಲಿಗೆಯಲ್ಲಿ ಹಿಂದೆ ತಳ್ಳಿದೆ. ಅಲ್ಲಿ ಒಂದು ಬದಿ ಬೋಳು, ಇನ್ನೊಂದು ಬದಿ ಹೊಲಿಗೆ. ರೊಟ್ಟಿಯ ಚೂಪು ತುದಿ ಗಾಯಕ್ಕೆ ತಾಗಿತು. ಜೋಮಿನ ಮದ್ದು ಇಳಿದು ಎಷ್ಟೋ ದಿನವಾಗಿತ್ತು, ಚುರ್ರೆಂದಿತು. ಬಾಯಲ್ಲಿಟ್ಟುಕೊಂಡು ಕಾದೆ. ಇನ್ನೊಂದು ನಿಮಿಷ ಬಿಟ್ಟರೆ ಎಂಜಲಿನಲ್ಲೇ ಮುದ್ದೆಯಾಗುತ್ತದೆ, ನುಂಗಬಹುದು. ಆದರೆ ಹಾಗೆ ತಿಂದದ್ದು ಬೊಜ್ಜದ ದಿನ ತಿಂದದ್ದೇ ಆಯಿತಲ್ಲ. ಅಕ್ಕ ನನ್ನ ಗಲ್ಲವನ್ನೇ ನೋಡುತ್ತಿದ್ದರು. ನಾನು ತುಂಡನ್ನು ಕೈಗೆ ಉಗುಳಿದೆ.

"ನನ್ನಿಂದ ಆಗುದಿಲ್ಲ," ಎಂದೆ.

ಮಗಳು ನನ್ನ ಪಕ್ಕದಲ್ಲಿ ಬಂದು ಕುಳಿತಳು, ಎಲೆಯಿಂದ ದೊಡ್ಡ ತುಂಡು ಎತ್ತಿ ಬಾಯಿಗೆ ಹಾಕಿ ಜಗಿದಳು. ಕಟುಂ ಕುಟುಂ. ಮನೆಯೆಲ್ಲ ಕೇಳಿಸುವಷ್ಟು ಸದ್ದು. ಬಾಯಿ ಮುಚ್ಚಿಕೊಂಡು ತಿನ್ನುವ ಮರ್ಯಾದೆಯೂ ಇಲ್ಲದೆ ತಿಂದಳು. ಇನ್ನೊಂದು ಕೈಯಿಂದ ಸಾರನ್ನು ಲೋಟಕ್ಕೆ ಬಗ್ಗಿಸಿ ಕುಡಿದಳು.

"ಇದು ನೀನು ಎಲ್ಲಿ ಕಲ್ತದ್ದು?" ಎಂದರು ಅಕ್ಕ. "ನನ್ನ ತಂಗಿ ತಿನ್ತಿದ್ದದ್ದು ಥೇಟ್ ಹೀಗೇ."

ಮಗಳು ಜಗಿಯುವುದನ್ನು ನಿಲ್ಲಿಸಿದಳು. ನನ್ನನ್ನು ನೋಡಿದಳು, ಎಲೆಯನ್ನು ನೋಡಿದಳು.

"ಅಮ್ಮನೇ ಕಲಿಸಿದ್ದು," ಎಂದಳು. "ಸೋಮವಾರ ಸೋಮವಾರ ತಿನ್ತಿದ್ದೆವು. ಭಾನುವಾರದ ಸಾರು ಸ್ವಲ್ಪ ತೆಗ್ದಿಡ್ತಿದ್ದಳು. ಅಪ್ಪ ಡ್ಯೂಟಿಗೆ ಹೋದ ಮೇಲೆ ನಾವಿಬ್ರೂ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು."

"ಮತ್ತೆ ನಿನಗೆ ಮದುವೆಯಾದ ಮೇಲೆ?" ಎಂದು ಅಕ್ಕ ಕೇಳಿದರು.

"ಒಬ್ಬಳೇ ತಿನ್ತಿದ್ದಳು. ನನಗೆ ಫೋನು ಮಾಡಿ ಹೇಳ್ತಿದ್ದಳು, ಇವತ್ತು ತಿಂದೆ ಅಂತ. ಅಪ್ಪ ರಿಟಾಯರ್ ಆಗಿ ಮನೆಯಲ್ಲೇ ಇರ್ಲಿಕ್ಕೆ ಶುರುಮಾಡಿದ್ರಲ್ಲ, ಆವಾಗ ಕಷ್ಟ ಆಯ್ತು ಅವಳಿಗೆ. ಅಪ್ಪ ಮಧ್ಯಾಹ್ನ ಮಲಗಿದ ಮೇಲೆ ಮಿಕ್ಸಿ ಹಾಕಿ ತಿನ್ತಿದ್ದಳು."

"ಮಿಕ್ಸಿ ಯಾಕೆ?" ಎಂದೆ ನಾನು.

"ಸದ್ದು ಕೇಳ್ಬಾರ್ದು ಅಂತ. ನಿಮಗೆ ಕೇಳಿದ್ರೆ ಬೇಜಾರಾಗ್ತದೆ, ತಿನ್ಲಿಕ್ಕೆ ಆಗುದಿಲ್ಲ ಪಾಪ ಅಂತ. ಹೇಳ್ಬೇಡ ಅಂದಿದ್ದಳು. ಬೊಜ್ಜದ ದಿನವೂ ನಾನು ಅದಕ್ಕೇ ಬಾಯಿ ಬಿಡ್ಲಿಲ್ಲ."

ಸೋಮವಾರದ ಮಿಕ್ಸಿ ನನಗೆ ನೆನಪಿತ್ತು. ಮಲಗಿದಲ್ಲಿಂದಲೇ, ಈ ಹೊತ್ತಿನಲ್ಲಿ ಎಂತ ಅರೆಯುವುದು ಮಾರಾಯ್ತಿ, ಮನುಷ್ಯರು ಮಲಗುವುದು ಬೇಡವೋ ಎಂದು ಕೂಗುತ್ತಿದ್ದೆ. ಈಗ ಆಯ್ತು, ಈಗ ಆಯ್ತು ಎಂದು ಅವಳು ಬಾಯಿ ತುಂಬಿಕೊಂಡವಳ ಹಾಗೆ ಹೇಳುತ್ತಿದ್ದಳು. ಬಾಯಿ ತುಂಬಿತ್ತು ಅಂತ ನನಗೆ ಹೇಗೆ ಗೊತ್ತಾಗಬೇಕು? ಖಾಲಿ ಮಿಕ್ಸಿ ತಿರುಗುತ್ತಿತ್ತು, ನಾನು ಮಗ್ಗುಲು ಬದಲಿಸುತ್ತಿದ್ದೆ.

ನನಗೆ ಸಿಟ್ಟು ಬಂತು. ಇಷ್ಟು ತಿಂಗಳಲ್ಲಿ ಮೊದಲ ಸಲ ಏನಾದರೂ ಬಂದದ್ದು, ಬಂದದ್ದು ಸಿಟ್ಟು. ಕಿವಿ ಬಿಸಿಯಾಯಿತು. ಎಂಥ ಹೆಂಗಸು! ನನಗಾಗಿ ಆಸೆ ಬಿಟ್ಟಳು ಎಂದು ಮಳೆಗಾಲವಿಡೀ ನಾನು ನಂಬಿ ಕುಳಿತಿದ್ದೆ, ಇವಳು ನೋಡಿದರೆ ವಾರ ವಾರವೂ ಗಡದ್ದಾಗಿ ತಿಂದಿದ್ದಾಳೆ. ತಿನ್ನಲಿ. ಅವಳು ತಿಂದದ್ದಕ್ಕೆ ಸಿಟ್ಟಲ್ಲ.

"ಕದ್ದು ಯಾಕೆ ತಿನ್ಬೇಕಿತ್ತು?" ಎಂದು ನಾನು ಎಲೆಗೆ ಕೇಳಿದೆ, ತುಳುವಿನಲ್ಲಿ, ಬಂದರಿನಲ್ಲಿ ಕೆಳಗಿದ್ದವರಿಗೆ ಕೂಗುತ್ತಿದ್ದ ಸ್ವರದಲ್ಲಿ. ಅಕ್ಕ ನನ್ನ ಭುಜ ಹಿಡಿದರು. ನಾನು ಬಿಡಿಸಿಕೊಂಡೆ. "ನನ್ನ ಎದುರೇ ತಿನ್ಬಹುದಿತ್ತಲ್ಲ ಮಾರಾಯ್ತಿ. ನಾನು ಆ ಸದ್ದು ಕೇಳಿಕೊಂಡು ಕೂತ್ಕೊಳ್ತಿದ್ದೆ."

ಇಷ್ಟು ಹೇಳುವಷ್ಟರಲ್ಲಿ ಸ್ವರ ಒಡೆಯಿತು. ಮಗಳು ಇನ್ನೊಂದು ರೊಟ್ಟಿ ಎತ್ತಿಕೊಂಡು ನನ್ನ ಕಿವಿಯ ಹತ್ತಿರಕ್ಕೆ ಸರಿದು ಕುಳಿತಳು, ಅಳುತ್ತಲೇ ಜಗಿಯತೊಡಗಿದಳು. ಎಲೆಯಲ್ಲಿದ್ದ ರೊಟ್ಟಿ ಪೂರ್ತಿ ಮುಗಿಯುವ ತನಕ ನಾನು ಅಲ್ಲಿಂದ ಏಳಲಿಲ್ಲ.